ಐದು ಆಂಪಿಯರ್ ತಂತಿ

ತಾರೀಖು ೨೧, ಶನಿವಾರ
ಮಧ್ಯಾಹ್ನ ಹನ್ನೆರಡೂವರೆ

ರೀ,

ನಮಸ್ಕಾರ. ಪತ್ರದ ತಲೆಗೆ ಏನು ಬರೆಯಬೇಕೆಂದು ಅರ್ಧ ಗಂಟೆ ಪೆನ್ನು ಕಚ್ಚುತ್ತಾ ಕೂತಿದ್ದೆ. ಪ್ರೀತಿಯ ಎಂದು ಬರೆದರೆ ನೀವು ಹುಬ್ಬೇರಿಸುತ್ತೀರಿ, ಮಾನ್ಯರೇ ಎಂದರೆ ನನಗೇ ನಗು ಬರುತ್ತದೆ. ಕೊನೆಗೆ ಇಪ್ಪತ್ತಾರು ವರ್ಷ ಅಡುಗೆಮನೆಯಿಂದ ಹೇಗೆ ಕೂಗಿದೆನೋ ಹಾಗೆಯೇ ಬರೆದುಬಿಟ್ಟೆ. ಇಲ್ಲಿ ನಾನು, ನನ್ನ ಹೊಲಿಗೆ ಮೆಷಿನ್, ಇಸ್ತ್ರಿ ಪೆಟ್ಟಿಗೆ ಮೂವರೂ ಕ್ಷೇಮ. ನಾಲ್ಕು ಬೀದಿ ಆಚೆ ನಿಮ್ಮ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿರುವ ನೀವೂ ಕ್ಷೇಮವೆಂದು ನಂಬಿದ್ದೇನೆ. ಇಷ್ಟು ಹತ್ತಿರ ಇದ್ದುಕೊಂಡು ಪತ್ರ ಏಕೆ ಎಂದು ಕೇಳಬೇಡಿ. ಎದುರು ನಿಂತರೆ ನಾವಿಬ್ಬರೂ ಹೇಗೆ ಮಾತಾಡುತ್ತೇವೆ ಎಂಬುದು ನಿಮಗೂ ಗೊತ್ತು, ಕೆಳಗಿನ ಬೇಕರಿಯವರಿಗೂ ಗೊತ್ತು.

ಮೊನ್ನೆ ಗುರುವಾರ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಗೆ ಹೋಗಿದ್ದೆ. ಅಲ್ಲಿಯ ಯಜಮಾನರಿಗೆ ಬಾಯಿಗೆ ಬೀಗವಿಲ್ಲವಲ್ಲ, ನಾನು ಕೇಳದೆಯೇ ಎಲ್ಲ ಹೇಳಿದರು. ಒಂದನೇ ತಾರೀಖು ನೀವು ಅಂಗಡಿ ಮುಚ್ಚಿ ನನ್ನ ಮೈದುನನ ಊರಿಗೆ ಹೋಗಿ ಅವನ ಜೊತೆ ಕೆಲಸಕ್ಕೆ ಸೇರುತ್ತೀರಂತೆ. ಬಾಡಿಗೆಯವರಿಗೂ ತಿಳಿಸಿಯಾಗಿದೆಯಂತೆ. ಇನ್ನೊಂದು ಮಾತನ್ನೂ ಹೇಳಿದರು. ಈ ತಿಂಗಳಲ್ಲಿ ಎರಡು ಸಲ ನೀವು ಅವರನ್ನು ಕೇಳಿದಿರಂತೆ, ನಮ್ಮ ಬೀದಿಯ ಕೆಲಸಕ್ಕೆ ಬೇರೆ ಯಾವ ಎಲೆಕ್ಟ್ರಿಷಿಯನ್ ಸಾಮಾನು ಒಯ್ಯುತ್ತಿದ್ದಾನೆ ಎಂದು.

ಮೊದಲು ಅದಕ್ಕೆ ಉತ್ತರ ಹೇಳಿಬಿಡುತ್ತೇನೆ, ಅದಕ್ಕಾಗಿಯೇ ಈ ಪತ್ರ. ಬೇರೆ ಯಾರೂ ಬಂದಿಲ್ಲ. ನಿಮ್ಮನ್ನು ಬಿಟ್ಟು ಈ ಮನೆಯ ಫ್ಯೂಸಿಗೆ ಯಾವ ಗಂಡಸಿನ ಕೈಯೂ ಸೋಕಿಲ್ಲ. ಏಳು ವಾರದಿಂದ ನಿಮ್ಮನ್ನು ಕರೆಯದಿರಲು ಕಾರಣ ನಾನೇ. ಫ್ಯೂಸಿಗೆ ಹೊಸ ತಂತಿ ಕಟ್ಟಿದವಳು ನಾನು. ಕುರ್ಚಿಯಿಂದ ಬೀಳಬೇಡಿ.

ಹೇಗೆ ಕಲಿತೆ ಅಂತೀರಾ? ಚಳಿಗಾಲದಲ್ಲಿ ಒಂದು ದಿನ ಫ್ಯೂಸ್ ಹೋಗಿ ನೀವು ಬಂದಿದ್ದಿರಿ. ಪದೇ ಪದೇ ಏಕೆ ಹೋಗುತ್ತದೆ ಎಂದು ನಾನು ಕೇಳಿದೆ. ನೀವು ತಿರುಗಿಯೂ ನೋಡದೆ, "ನಿಂಗೆ ಅದೆಲ್ಲಾ ಅರ್ಥ ಆಗಲ್ಲ ಬಿಡು" ಅಂದಿರಿ. ಮದುವೆಯಾದಾಗಿನಿಂದ ಕೇಳುತ್ತಾ ಬಂದ ಮಾತೇ. ಆದರೆ ಅಂದು ಮೈಯೆಲ್ಲ ಉರಿಯಿತು. ಮರುದಿನವೇ ಗ್ರಂಥಾಲಯದ ಬಾಗಿಲಲ್ಲಿ ಒಂದು ಚೀಟಿ ನೋಡಿದೆ: ಏನೂ ತಿಳಿಯದವರಿಗೆ ವಿದ್ಯುತ್ತಿನ ಪಾಠ, ಹತ್ತು ಭಾನುವಾರ, ಬೆಳಿಗ್ಗೆ. ಏನೂ ತಿಳಿಯದವರು ಅಂದರೆ ನಾನೇ ಅಲ್ಲವೇ ಎಂದುಕೊಂಡು ಹೆಸರು ಕೊಟ್ಟೆ. ನಿಮ್ಮ ಹಂಗು ಇನ್ನು ಬೇಡವೆಂದೇ ಸೇರಿದ್ದು, ಸುಳ್ಳು ಹೇಳುವುದಿಲ್ಲ.

ಗ್ರಂಥಾಲಯದ ಹಿಂಬದಿಯ ಕೋಣೆ. ಮುರಿದ ಕುರ್ಚಿ, ಹಳೆಯ ಪತ್ರಿಕೆಗಳ ರಾಶಿ. ನಾನು, ಬೇಕರಿಯ ಗಂಡ ಹೆಂಡತಿ, ನಿವೃತ್ತರಾದ ಒಬ್ಬ ಗುಮಾಸ್ತರು, ಇಷ್ಟೇ ವಿದ್ಯಾರ್ಥಿಗಳು. ಪಾಠ ಹೇಳುವವಳು ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಎಲೆಕ್ಟ್ರಿಷಿಯನ್. ನಮ್ಮ ಮಗಳಿಗಿಂತ ಎರಡು ವರ್ಷ ದೊಡ್ಡವಳಿರಬಹುದು. ಹುಡುಗಿ ಬಲು ಚುರುಕು. ಪ್ರಶ್ನೆ ಕೇಳಿದರೆ ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಗುಮಾಸ್ತರು ಒಂದೇ ಪ್ರಶ್ನೆಯನ್ನು ಆರು ಸಲ ಕೇಳಿದಾಗಲೂ ಆರು ಸಲ ಹೇಳಿದಳು.

ಮೊದಲ ಭಾನುವಾರ ವೋಲ್ಟ್ ಮತ್ತು ಆಂಪಿಯರ್. ನೀವು ಬೆರಳು ತೋರಿಸಿ ಪರೀಕ್ಷೆ ಮಾಡಿದರೂ ಈಗ ಹೇಳಬಲ್ಲೆ. ಮಹಡಿಯ ಟ್ಯಾಂಕಿನಿಂದ ನೀರನ್ನು ಕೆಳಕ್ಕೆ ದೂಡುವ ಒತ್ತಡವಿದೆಯಲ್ಲ, ಕರೆಂಟಿನಲ್ಲಿ ಅದು ವೋಲ್ಟೇಜ್, ಅದನ್ನು ವೋಲ್ಟಿನಲ್ಲಿ ಅಳೆಯುತ್ತಾರೆ. ನಲ್ಲಿಯಲ್ಲಿ ಎಷ್ಟು ನೀರು ಹರಿಯುತ್ತಿದೆಯೋ ಅದು ಆಂಪಿಯರ್. ನಲ್ಲಿ ಮುಚ್ಚಿದ್ದರೂ ಒತ್ತಡ ಇದ್ದೇ ಇರುತ್ತದೆ, ಹರಿವು ಮಾತ್ರ ಇರುವುದಿಲ್ಲ. ಹಾಗೆಯೇ ಪ್ಲಗ್ಗಿನಲ್ಲಿ ಏನೂ ಸಿಕ್ಕಿಸದಿದ್ದರೂ ಅಲ್ಲಿ ವೋಲ್ಟೇಜ್ ಕಾದು ಕೂತಿರುತ್ತದೆ, ಬೆರಳಿಟ್ಟವರಿಗೆ ಗೊತ್ತಾಗುತ್ತದೆ. ಎರಡನೇ ಭಾನುವಾರ ರೆಸಿಸ್ಟೆನ್ಸ್, ಅಂದರೆ ಹರಿಯುವುದಕ್ಕೆ ಅಡ್ಡಿ. ಸಪೂರ ತಂತಿಯಲ್ಲಿ ಅಡ್ಡಿ ಹೆಚ್ಚು, ದಪ್ಪ ತಂತಿಯಲ್ಲಿ ಕಡಿಮೆ. ಅಡ್ಡಿ ಇದ್ದಲ್ಲಿ ಬಿಸಿ ಹುಟ್ಟುತ್ತದೆ, ಇಸ್ತ್ರಿ ಪೆಟ್ಟಿಗೆ ಕಾಯುವುದೇ ಹಾಗೆ. ನನ್ನ ಕೈಯಲ್ಲಿ ಮೂವತ್ತು ವರ್ಷದಿಂದ ಇಸ್ತ್ರಿ ಪೆಟ್ಟಿಗೆ ಇದೆ, ಅದು ಏಕೆ ಕಾಯುತ್ತದೆಂದು ಯಾರೂ ಹೇಳಿರಲಿಲ್ಲ. ಮನೆಯಲ್ಲೇ ಎಲೆಕ್ಟ್ರಿಷಿಯನ್ ಇದ್ದರು ಅನ್ನಿ.

ಆ ದಿನವೇ ಸರ್ಕ್ಯೂಟ್ ಅಂದರೇನೆಂದೂ ತೋರಿಸಿದಳು. ಒಂದು ಬ್ಯಾಟರಿ, ಒಂದು ಪುಟ್ಟ ಬಲ್ಬು, ಎರಡು ತಂತಿ. ಒಂದೇ ತಂತಿ ಹಚ್ಚಿದರೆ ಬಲ್ಬು ಉರಿಯಲಿಲ್ಲ. ಕರೆಂಟು ಹೋದ ಮೇಲೆ ತಿರುಗಿ ಬರಲು ದಾರಿ ಇರಬೇಕು, ದಾರಿ ಇಲ್ಲದಿದ್ದರೆ ಅದು ಹೊರಡುವುದೇ ಇಲ್ಲ ಅಂದಳು. ಎಲ್ಲರೂ ಬರೆದುಕೊಂಡರು, ನಾನೂ ಬರೆದುಕೊಂಡೆ. ಬರೆಯುತ್ತಿರುವಾಗ ನಿಮ್ಮ ನೆನಪು ಬಂತು. ಏಕೆ ಬಂತೆಂದು ಆಗ ಯೋಚಿಸಲಿಲ್ಲ, ಮನೆಗೆ ಹೋಗಿ ಕಾಲರು ಹೊಲಿಯುವುದಿತ್ತು.

ಫ್ಯೂಸಿನ ಪಾಠಕ್ಕೆ ಬರುವ ಮೊದಲು ಆ ದಿನದ ಮಾತು ಹೇಳಬೇಕು. ಮೂರು ವರ್ಷ ನಾಲ್ಕು ತಿಂಗಳಿನಿಂದ ಇಬ್ಬರೂ ಅದರ ಸುತ್ತ ಬಳಸಿಕೊಂಡು ಹೋಗುತ್ತಿದ್ದೇವೆ. ನನ್ನ ಮೆಷಿನ್ ಪಕ್ಕದ ಪ್ಲಗ್ಗನ್ನು ಸ್ವಲ್ಪ ಎತ್ತರಿಸಿ ಕೊಡುತ್ತೇನೆಂದು ಬೆಳಿಗ್ಗೆ ಕೆಲಸ ಹಿಡಿದಿರಿ. ಪ್ಲಗ್ಗುಗಳ ಫ್ಯೂಸನ್ನು ಬೋರ್ಡಿನಿಂದ ಕಿತ್ತು ಅಂಗಿಯ ಎಡಜೇಬಿಗೆ ಹಾಕಿಕೊಂಡಿರಿ. ಅದು ನಿಮ್ಮ ನಿಯಮ, ಕೆಲಸ ಮುಗಿಯುವವರೆಗೆ ಫ್ಯೂಸ್ ಕೆಲಸ ಮಾಡುವವನ ಜೇಬಿನಲ್ಲೇ ಇರಬೇಕು, ಬೇರೆ ಯಾರೋ ತಿಳಿಯದೆ ಹಾಕಿಬಿಟ್ಟರೆ ಪ್ರಾಣಕ್ಕೆ ಕುತ್ತು. ಒಳ್ಳೆಯ ನಿಯಮವೇ. ಅಷ್ಟರಲ್ಲಿ ಊರಾಚೆಯ ಹಿಟ್ಟಿನ ಗಿರಣಿಯಿಂದ ಕರೆ ಬಂತು, ಮೋಟಾರು ನಿಂತಿದೆಯೆಂದು. ಪ್ಲಗ್ಗನ್ನು ಗೋಡೆಗೆ ಬಿಗಿದು, ಚೀಲ ಹೆಗಲಿಗೇರಿಸಿ ಓಡಿದಿರಿ. ಫ್ಯೂಸ್ ಜೇಬಿನಲ್ಲಿಯೇ ಹೋಯಿತು.

ಅಂದು ಸಂಜೆ ಐದಕ್ಕೆ ಶಾಲೆಯ ನಲವತ್ತು ಸಮವಸ್ತ್ರ ಕೊಡಬೇಕಿತ್ತು. ನನ್ನ ಜೀವನದ ಮೊದಲ ದೊಡ್ಡ ಕೆಲಸ. ಹದಿನಾಲ್ಕಕ್ಕೆ ಅಂಚು ಬಾಕಿ, ಎಲ್ಲದಕ್ಕೂ ಇಸ್ತ್ರಿ ಬಾಕಿ. ಮೆಷಿನ್ ಸತ್ತುಬಿದ್ದಿತ್ತು. ನಾನು ಬೋರ್ಡಿನ ಮುಂದೆ ನಿಂತು ಆ ಖಾಲಿ ಜಾಗವನ್ನು ನೋಡಿದ್ದೇ ನೋಡಿದ್ದು, ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು. ಪಕ್ಕದಲ್ಲೇ ದೀಪಗಳ ಫ್ಯೂಸ್ ಇತ್ತು. ಅದನ್ನು ಕಿತ್ತು ಇಲ್ಲಿಗೆ ಹಾಕಿದ್ದರೆ ಮೆಷಿನ್ ಓಡುತ್ತಿತ್ತು, ಇಸ್ತ್ರಿಯೂ ಕಾಯುತ್ತಿತ್ತು. ಅದು ಕೂಡ ತಿಳಿಯದ ಮೂಢೆ ನಾನಾಗಿದ್ದೆ. ಕೈಯಲ್ಲಿ ಸೂಜಿ ಹಿಡಿದು ಎಷ್ಟು ಆಗುತ್ತದೋ ಅಷ್ಟು ಹೊಲಿದೆ. ಶಾಲೆಯವರು ಐದಕ್ಕೆ ಬಂದು, ಮುದುಡಿದ ಬಟ್ಟೆ ನೋಡಿ, ಮುಖ ಗಂಟು ಹಾಕಿಕೊಂಡು ಹೋದರು. ಮುಂದಿನ ವರ್ಷ ಬೇರೆ ದರ್ಜಿಯ ಬಳಿ ಹೋದರು.

ನೀವು ಏಳಕ್ಕೆ ಬಂದಿರಿ. ಜೇಬು ತಡವಿ ಫ್ಯೂಸ್ ತೆಗೆದು, "ಅಯ್ಯೋ, ಇದು ನನ್ ಹತ್ರಾನೇ ಉಳ್ಕೊಂಡ್ಬಿಡ್ತಲ್ಲೇ" ಎಂದು ನಕ್ಕಿರಿ. ಮರೆತದ್ದಕ್ಕೆ ನನಗೆ ಸಿಟ್ಟಿರಲಿಲ್ಲ, ಯಾರಾದರೂ ಮರೆಯುತ್ತಾರೆ. ಆ ನಗುವಿಗೆ ಸಿಟ್ಟು ಬಂತು. ಒಂದು ದಿನದ ಹೊಲಿಗೆ ತಾನೆ ಎಂದೂ ಸೇರಿಸಿದಿರಿ. ನಿಮ್ಮ ತಂತಿಗಳ ಜೊತೆಗೇ ಸಂಸಾರ ಮಾಡಿಕೊಳ್ಳಿ ಎಂದು ನಾನು ಕೂಗಿದೆ. ನೀವು ಹತ್ಯಾರದ ಚೀಲ, ಎರಡು ಅಂಗಿ ತೆಗೆದುಕೊಂಡು ಹೊರಟೇಬಿಟ್ಟಿರಿ. ಹೋಗಿ ಎಂದಾಗ ನಿಜಕ್ಕೂ ಹೋಗುವ ಗಂಡಸನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಆಮೇಲೆ ಬನ್ನಿ ಅನ್ನಲು ನನಗೆ ಜಂಭ, ಬರಲೇ ಎಂದು ಕೇಳಲು ನಿಮಗೆ ಜಂಭ. ಆದರೆ ಒಮ್ಮೆ ಹಳೆಯ ತಂತಿ ಸವೆದು ಫ್ಯೂಸ್ ಹೋಯಿತು, ನೀವು ಬಂದು ಹೊಸದು ಕಟ್ಟಿದಿರಿ. ಅಲ್ಲಿಂದ ಹದಿನೈದು ದಿನಕ್ಕೊಮ್ಮೆ ಹೋಗುತ್ತಿತ್ತು, ಕೆಳಗಿನ ಬೇಕರಿಯಿಂದ ಫೋನ್ ಮಾಡಿಸುತ್ತಿದ್ದೆ, ನೀವು ಬರುತ್ತಿದ್ದಿರಿ. ತಂತಿ ಕಟ್ಟಿ, ಅರ್ಧ ಕಾದು ನಿಂತಿದ್ದ ಕೆಟಲ್ ಮತ್ತೆ ಕುದಿಯುವವರೆಗೆ ಕಾಯುತ್ತಿದ್ದಿರಿ. ಎದುರಿಗಿದ್ದವರಿಗೆ ಚಹಾ ಕೊಡದಿರಲು ಆಗುತ್ತದೆಯೇ, ಕೊಡುತ್ತಿದ್ದೆ. ಮೊದಮೊದಲು ನಿಂತು ಕುಡಿದಿರಿ, ಆಮೇಲೆ ಕೂತು ಕುಡಿದಿರಿ.

ಈಗ ಮೂರನೇ ಭಾನುವಾರ. ವಾಟ್ ಅಂದರೆ ಸಾಮಾನು ಎಷ್ಟು ಕೆಲಸ ತೆಗೆಯುತ್ತದೆ ಎಂಬುದರ ಅಳತೆ. ವಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. ಎಲ್ಲರೂ ಅವರವರ ಮನೆಯ ಸಾಮಾನಿನ ಹಿಂದೆ ಬರೆದ ಅಂಕಿ ನೋಡಿಕೊಂಡು ಬರಬೇಕಿತ್ತು. ನನ್ನ ಇಸ್ತ್ರಿ ಪೆಟ್ಟಿಗೆ ಸಾವಿರ ವಾಟ್, ಕೆಟಲ್ ಸಾವಿರದ ಐನೂರು, ಮೆಷಿನ್ನಿನದು ಬರೀ ನೂರು. ಎಲ್ಲ ಒಟ್ಟಿಗೆ ಓಡಿದರೆ ಎರಡು ಸಾವಿರದ ಆರುನೂರು, ಮನೆಗೆ ಬರುವ ಇನ್ನೂರ ಮೂವತ್ತು ವೋಲ್ಟಿನಿಂದ ಭಾಗಿಸಿದರೆ ಹನ್ನೊಂದು ಆಂಪಿಯರ್ ಚಿಲ್ಲರೆ. ಫ್ಯೂಸಿನ ತಂತಿ ಬೇಕೆಂದೇ ಇಟ್ಟ ಬಡಪಾಯಿ, ಹರಿವು ಮಿತಿ ಮೀರಿದರೆ ತಾನು ಕರಗಿ ಮನೆಯನ್ನು ಉಳಿಸುತ್ತದೆ ಎಂದಳು. ಹನ್ನೊಂದಕ್ಕೆ ಹದಿನೈದು ಆಂಪಿಯರ್ ತಂತಿ ಇರಬೇಕು, ನಿಮ್ಮದು ಏಕೆ ಹೋಗುತ್ತದೆ, ಕರಗಿದ ತುಂಡು ಇದ್ದರೆ ತನ್ನಿ ಅಂದಳು. ತುಂಡುಗಳು ನನ್ನ ಗುಂಡಿ ಡಬ್ಬಿಯಲ್ಲಿ ಇದ್ದವು, ನೀವು ಎಸೆದದ್ದನ್ನು ಗುಡಿಸುವಾಗ ಎತ್ತಿಡುತ್ತಿದ್ದೆ. ಮುಂದಿನ ವಾರ ಕೊಟ್ಟೆ. ಬೆರಳಲ್ಲಿ ಉಜ್ಜಿ ನೋಡಿ ನಕ್ಕಳು. ಇದು ಐದು ಆಂಪಿಯರ್ ತಂತಿ, ದೀಪಗಳಿಗೆ ಹಾಕುವಂಥದ್ದು, ಇಸ್ತ್ರಿಯನ್ನೋ ಕೆಟಲನ್ನೋ ಒಂದೊಂದಾಗಿ ಹೇಗೋ ತಾಳುತ್ತದೆ, ಎರಡೂ ಸೇರಿದರೆ ಕೈಚೆಲ್ಲುತ್ತದೆ ಅಂದಳು.

ಗೋಡೆಯೊಳಗಿನ ವೈರು ನೋಡದೆ ದಪ್ಪ ಫ್ಯೂಸ್ ಹಾಕಬಾರದೆಂದು ಅವಳೇ ಮನೆಗೆ ಬಂದು ನೋಡಿದಳು. ಬೋರ್ಡು ಬಿಚ್ಚಿ ಒಳಗೆ ಟಾರ್ಚು ಬಿಟ್ಟು ನೋಡಿದಳು. ಇಷ್ಟು ಅಚ್ಚುಕಟ್ಟಾದ ಕೆಲಸ ನೋಡಿ ಎಷ್ಟು ಕಾಲವಾಯಿತು, ವೈರು ಇಪ್ಪತ್ತು ಆಂಪಿಯರ್ ತಡೆಯುತ್ತದೆ, ನೆಲಕ್ಕಿಳಿಸಿದ ಅರ್ಥಿಂಗ್ ತಂತಿ ಚೊಕ್ಕವಾಗಿದೆ, ಇದನ್ನು ಮಾಡಿದವರು ತಿಳಿಯದೆ ಸಣ್ಣ ತಂತಿ ಹಾಕಿರಲಾರರು ಅಂದಳು. ಯಾರು ಮಾಡಿದ್ದು ಎಂದೂ ಕೇಳಿದಳು. ನಮ್ಮೆಜಮಾನ್ರು ಅಂದೆ. ಹೇಳುವಾಗ ಹೆಮ್ಮೆಯಾಯಿತು, ಮರುಕ್ಷಣವೇ ಕೋಪವೂ ಬಂತು.

ಎಷ್ಟು ಕೋಪ ಅಂದರೆ, ಅವಳು ಮೆಟ್ಟಿಲು ಇಳಿಯುವುದನ್ನೂ ಕಾಯದೆ ನಿಮ್ಮ ಪರಿಚಯವಿಲ್ಲದ ಬೇರೊಂದು ಅಂಗಡಿಗೆ ಹೋಗಿ ಹದಿನೈದು ಆಂಪಿಯರ್ ತಂತಿ ತಂದೆ. ಬೇಕೆಂದೇ ಮಾಡಿದ್ದಾರೆ, ನಾನು ಸದಾ ಕೈಚಾಚುತ್ತಾ ಇರಲಿ ಎಂದು ಮಾಡಿದ್ದಾರೆ, ಹೊಲಿಗೆ ನಿಂತರೆ ಅವರಿಗೇನು ಎಂದು ಬೈದುಕೊಂಡೇ ಮೇನ್ ಆರಿಸಿದೆ, ಬೈದುಕೊಂಡೇ ಎರಡು ಸ್ಕ್ರೂಗಳ ನಡುವೆ ತಂತಿ ಬಿಗಿದೆ. ಇಸ್ತ್ರಿ ಹಾಕಿದೆ, ಕೆಟಲ್ ಹಾಕಿದೆ, ಮೆಷಿನ್ ತುಳಿದೆ. ಏನೂ ಆಗಲಿಲ್ಲ. ಎಲ್ಲವೂ ಓಡಿತು. ಗೆದ್ದೆ ಎಂದುಕೊಂಡು ಚಹಾ ಮಾಡಿ ಕುಡಿದೆ.

ಆಮೇಲೆ ಏಳು ವಾರ. ಮೊದಲ ಎರಡು ವಾರ ಬಲು ಖುಷಿಯಲ್ಲಿದ್ದೆ. ಮೂರನೆಯ ವಾರ ನಾಲ್ಕು ಗಂಟೆಗೆ ಕೆಟಲ್ ಕುದಿಯುವಾಗ ಸುಮ್ಮನೆ ಬೋರ್ಡಿನ ಕಡೆ ನೋಡಿದೆ. ಹಾಳಾದದ್ದು ಗಟ್ಟಿಯಾಗಿ ಕೂತಿತ್ತು. ಎರಡು ಲೋಟ ತೆಗೆದಿಟ್ಟು ಒಂದನ್ನು ಹಿಂದಕ್ಕೆ ಇಟ್ಟೆ. ಕಳೆದ ತಿಂಗಳು ಎರಡು ಸಲ ನೀವು ನಾಲ್ಕರ ಹೊತ್ತಿಗೆ ನಮ್ಮ ಬೀದಿಯಲ್ಲಿ ಹಾದುಹೋದಿರಿ, ಕತ್ತೆತ್ತಿ ಕಿಟಕಿ ನೋಡಿದಿರಿ. ಮೆಷಿನ್ ಹಿಂದೆ ಕೂತಿದ್ದ ನಾನು ನಿಮ್ಮನ್ನು ನೋಡಿದೆ. ಕೂಗಬೇಕೆಂದರೆ ನೆಪ ಇರಲಿಲ್ಲ, ನೆಪವನ್ನು ನಾನೇ ಕೈಯಾರೆ ಬಿಗಿದು ಮುಗಿಸಿದ್ದೆ.

ಗುರುವಾರ ಅಂಗಡಿಯ ಯಜಮಾನರು ಕೊನೆಗೆ ಹೇಳಿದ್ದು ಇದು. ಊರಿನವರೆಲ್ಲರ ಪ್ಲಗ್ಗಿಗೆ ನೀವು ಹದಿನೈದರ ತಂತಿಯನ್ನೇ ಒಯ್ಯುತ್ತಿದ್ದಿರಂತೆ. ಆಗಾಗ ಮಾತ್ರ ಐದರದ್ದು ಒಂದು ಗಜ ಬೇರೆಯಾಗಿ ಕೇಳುತ್ತಿದ್ದಿರಂತೆ. ದೀಪಕ್ಕಾ ಎಂದು ಅವರು ಒಮ್ಮೆ ಕೇಳಿದರೆ, ಅಲ್ಲ, ಮನೆಯ ಇಸ್ತ್ರಿ ಪ್ಲಗ್ಗಿಗೆ ಅಂದಿರಂತೆ. ಅದು ಸಾಲದು ಎಂದರೆ, "ಅಲ್ಲಿಗೆ ಇದೇ ಸರಿ ಕಣಯ್ಯ" ಅಂದಿರಂತೆ. ಹೇಳಿ ಅವರು ನಕ್ಕರು. ನಾನು ಬಲ್ಬಿನ ಹೋಲ್ಡರ್ ಕೊಳ್ಳಲು ಹೋದವಳು, ಹೋಲ್ಡರ್ ಮರೆತು ಮನೆಗೆ ಬಂದೆ.

ರೀ, ನೀವು ಇನ್ನೂ ಅದನ್ನು ಮನೆ ಅನ್ನುತ್ತಿದ್ದಿರಿ ಎಂದು ನನಗೆ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಕಣ್ಣು ಒರೆಸಿಕೊಂಡು ಬಂದೆ. ಬೇಕರಿಯಾಕೆ ಏನಾಯಿತು ಎಂದು ಕೇಳಿದಳು, ಕಣ್ಣಿಗೆ ಧೂಳು ಬಿತ್ತು ಅಂದೆ. ಆಮೇಲೆ ಕೂತು ಯೋಚಿಸಿದೆ. ಬೇಕಾದ್ದಕ್ಕಿಂತ ದಪ್ಪ ತಂತಿ ಹಾಕಿದ್ದರೆ ಅಪಾಯವಾದರೂ ಆಗಬಹುದಿತ್ತು. ಸಣ್ಣದರಿಂದ ಯಾರಿಗೂ ಕೇಡಿಲ್ಲ, ಉಪದ್ರವ ಮಾತ್ರ. ಉಪದ್ರವ ಕೊಡುವಾಗಲೂ ನನ್ನ ಸುರಕ್ಷತೆ ನೋಡಿಕೊಂಡಿದ್ದೀರಿ. ನಿಮ್ಮಿಂದ ಇಷ್ಟು ನಾಜೂಕು ನಾನು ನಿರೀಕ್ಷಿಸಿರಲಿಲ್ಲ.

ನಿಮ್ಮ ಗುಟ್ಟು ಹೇಳಿದ ಮೇಲೆ ನನ್ನದನ್ನೂ ಹೇಳಿಬಿಡುತ್ತೇನೆ. ತಂತಿ ಸಣ್ಣದೆಂದು ನನಗೆ ತಿಳಿದಿರಲಿಲ್ಲ, ನಿಜ. ಆದರೆ ಇಸ್ತ್ರಿಯೂ ಕೆಟಲೂ ಒಟ್ಟಿಗೆ ಹಾಕಿದರೇ ಫ್ಯೂಸ್ ಹೋಗುತ್ತದೆಂದು ಮೂರನೇ ಸಲಕ್ಕೇ ಗೊತ್ತಾಗಿತ್ತು. ಅಷ್ಟಕ್ಕೆ ಯಾವ ಪಾಠವೂ ಬೇಡ. ಕೆಲವು ಸಲ ಮರೆತು ಹಾಕಿದೆ. ಎಲ್ಲ ಸಲವೂ ಮರೆತದ್ದಲ್ಲ.

ಇನ್ನೊಂದು ಮಾತು. ನಿಮ್ಮ ಎಡಜೇಬು. ಪಿಂಗಾಣಿ ಫ್ಯೂಸಿನ ಭಾರಕ್ಕೆ ಹರಿಯುತ್ತದೆಂದು ನಾನು ಯಾವಾಗಲೂ ಅದಕ್ಕೆ ಎರಡು ಪದರ ಬಟ್ಟೆ ಹಾಕಿ ಹೊಲಿಯುತ್ತಿದ್ದೆ, ನೀವು ಗಮನಿಸಿದ್ದಿರೋ ಇಲ್ಲವೋ. ಕಳೆದ ಸಲ ಬಂದಾಗ ನೀಲಿ ಅಂಗಿಯ ಜೇಬನ್ನು ಕಪ್ಪು ದಾರದಲ್ಲಿ ನೀವೇ ಹೊಲಿದುಕೊಂಡಿದ್ದಿರಿ. ಗೋಣಿಚೀಲಕ್ಕೂ ಯಾರೂ ಹಾಗೆ ಹೊಲಿಗೆ ಹಾಕುವುದಿಲ್ಲ. ದರ್ಜಿಯ ಗಂಡ ಹಾಗೆ ಊರೆಲ್ಲ ಓಡಾಡಿದರೆ ನನ್ನ ಕಸುಬಿನ ಗತಿಯೇನು?

ಸುದ್ದಿ ಒಂದು ಉಳಿಯಿತು. ಅದೇ ಶಾಲೆಯವರು ಈ ವರ್ಷ ಮತ್ತೆ ಬಂದಿದ್ದಾರೆ. ಬೇರೆ ದರ್ಜಿಯ ಹೊಲಿಗೆ ಬಾಳಿಕೆ ಬರಲಿಲ್ಲವಂತೆ. ಈ ಸಲವೂ ನಲವತ್ತು ಸಮವಸ್ತ್ರ, ಸೋಮವಾರ ಬೆಳಿಗ್ಗೆ ಎಂಟಕ್ಕೆ ಕೊಡಬೇಕು. ಇಪ್ಪತ್ತೊಂಬತ್ತು ಮುಗಿದಿವೆ. ಹನ್ನೊಂದಕ್ಕೆ ಅಂಚು ಬಾಕಿ, ಇಸ್ತ್ರಿ ಬಾಕಿ. ಈ ಸಲ ತಪ್ಪಿದರೆ ಅವರು ಇನ್ನು ನನ್ನ ಮೆಟ್ಟಿಲು ಹತ್ತುವುದಿಲ್ಲ.

ಮೈದುನನ ಊರಿಗೆ ಹೋಗುವುದು ಬಿಡುವುದು ನಿಮ್ಮ ಇಷ್ಟ. ಹೋಗಬೇಡಿ ಎಂದು ನನಗೆ ಆಸೆ. ಇಷ್ಟು ಬರೆಯಲು ನನಗೆ ಮೂರು ವರ್ಷ ಹಿಡಿಯಿತು. ಮಗಳಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ, ನೀವಿಬ್ಬರೂ ಚಿಕ್ಕ ಮಕ್ಕಳಿಗಿಂತ ಕಡೆ ಎಂದು ಬೈದಳು.

ಇಂತಿ,
ನಿಮ್ಮ ಮನೆಯವಳು

ಮರೆತಿದ್ದು: ಅಂಗಡಿಯ ಯಜಮಾನರ ಕೈಯಲ್ಲಿ ಕಳಿಸಿದ ಈ ಬಟ್ಟೆಯ ಚೀಲದಲ್ಲಿ ಗಟ್ಟಿಯಾಗಿ ಕೈಗೆ ಸಿಗುತ್ತಿರುವುದು ನಮ್ಮ ಪ್ಲಗ್ಗುಗಳ ಫ್ಯೂಸ್. ಮೇನ್ ಆರಿಸಿಯೇ ಕಿತ್ತಿದ್ದೇನೆ, ಹೆದರಬೇಡಿ. ಅಂದು ನೀವು ಮರೆತು ಒಯ್ದದ್ದನ್ನು ಇಂದು ನಾನು ತಿಳಿದೇ ಕಳಿಸಿದ್ದೇನೆ. ಮೆಷಿನ್ ನಿಂತಿದೆ, ಇಸ್ತ್ರಿ ತಣ್ಣಗಿದೆ. ದೀಪದ ಫ್ಯೂಸ್ ತಂದು ಹಾಕಿಕೊಳ್ಳುವುದು ನನಗೆ ಈಗ ಗೊತ್ತು, ಆದರೆ ಮುಟ್ಟುವುದಿಲ್ಲ. ನಿಮಗೆ ಕಳಿಸಿದ ಫ್ಯೂಸಿನೊಳಗಿನ ತಂತಿ ತೆಗೆದಿದ್ದೇನೆ. ಜೊತೆಯಲ್ಲಿ ನನ್ನ ಮೆಷಿನ್ನಿನ ದಾರ ಸುತ್ತುವ ಎರಡು ಬಾಬಿನ್ ಇವೆ, ಒಂದರಲ್ಲಿ ಐದರ ತಂತಿ ಸುತ್ತಿದೆ, ಇನ್ನೊಂದರಲ್ಲಿ ಹದಿನೈದರದ್ದು. ಐದರದ್ದು ಕಟ್ಟುವುದಾದರೆ ಮೊದಲಿನ ಹಾಗೆ ಆಗಾಗ ಬಂದು ಹೋಗಿ, ಚಹಾ ಇರುತ್ತದೆ. ಹದಿನೈದರದ್ದು ಕಟ್ಟುವುದಾದರೆ ಹತ್ಯಾರದ ಚೀಲವನ್ನೂ ಅಂಗಿಗಳನ್ನೂ ಜೊತೆಗೇ ತನ್ನಿ, ಆಮೇಲೆ ಬರಲು ನೆಪ ಸಿಗುವುದಿಲ್ಲ. ಚೀಲವನ್ನು ಎಸೆಯಬೇಡಿ. ಅದು ನಿಮ್ಮ ನೀಲಿ ಅಂಗಿಗೆಂದು ಹೊಲಿದ ಜೇಬು, ಎರಡು ಪದರ ಇದೆ. ಅಂಗಿ ತಂದುಕೊಟ್ಟರೆ ಸಮವಸ್ತ್ರ ಮುಗಿದ ಮೇಲೆ ಹಚ್ಚಿಕೊಡುತ್ತೇನೆ.